ಎರಡು ಕ್ಲೀನ್

೩ ಮಾರ್ಚ್, ಬೆಳಿಗ್ಗೆ ೯.೨೦
ಪ್ರೋಗ್ರಾಮಿನ ಟೆಸ್ಟ್ ಓಡುತ್ತಿದೆ. ಅಷ್ಟರಲ್ಲಿ ನಾಲ್ಕು ಸಾಲು. ನಾಲ್ಕು ತಂಡಗಳಿಗೂ ಕೋಡ್ ಲೈಬ್ರರಿ ಒಂದೇ. ಯಾವ ಫಂಕ್ಷನ್ (ಒಂದು ಕೆಲಸ ಮಾಡುವ ಕೋಡಿನ ತುಣುಕು) ಸೇರಿಸಿದರೂ ಹೆಸರಿನ ಮುಂದೆ ತಂಡದ ಗುರುತಿರಲಿ ಎಂದು ಮೀಟಿಂಗಿನಲ್ಲಿ ಮೂರನೇ ಸಲ ಹೇಳಿದೆ. ಒಂದೇ ಹೆಸರಿನವು ಎರಡಾದರೆ ಕಂಪ್ಯೂಟರ್ ದೂರುವುದಿಲ್ಲ. ಕೊನೆಗೆ ಬಂದದ್ದನ್ನು ಹಿಡಿದು ಮೊದಲಿನದನ್ನು ಸದ್ದಿಲ್ಲದೆ ಕೈಬಿಡುತ್ತದೆ. ಸಾಹೇಬರು ಗಡಿಯಾರ ನೋಡಿದರು. ಪಕ್ಕದ ತಂಡದ ಮೀಸೆಗೆ (ಹಾಗೆ ಕರೆಯುವುದು ನಾನೊಬ್ಬಳೇ) ಉದ್ದ ಹೆಸರು ಟೈಪ್ ಮಾಡಿದರೆ ಬೆರಳು ನೋಯುತ್ತದಂತೆ. ಎಲ್ಲರೂ ನಕ್ಕರು. ನಾನೂ ಹಲ್ಲು ಕಿರಿದೆ. ಯಾಕೆ ಕಿರಿದೆನೋ…

೧೯ ಮಾರ್ಚ್, ಮಧ್ಯಾಹ್ನ
ವಾರ್ಡಿನ ನರ್ಸ್ ಅಕ್ಕ ತಾವೇ ಬಂದರು. ದಿನ ತುಂಬುವ ಮೊದಲೇ ಹುಟ್ಟಿದ ಮಕ್ಕಳ ಉಸಿರಾಟದ ದಾಖಲೆ ನಮ್ಮಲ್ಲಿಗೆ ಬರುತ್ತದೆ. ಯಾವ ಮಗುವನ್ನು ಮನೆಗೆ ಕಳಿಸಬಹುದು ಎಂದು ಡಾಕ್ಟರು ತೀರ್ಮಾನಿಸುವುದು ನನ್ನ ರಿಪೋರ್ಟ್ ನೋಡಿ. ಅಕ್ಕ ಗ್ರಾಫನ್ನು ಮೇಜಿನ ಮೇಲಿಟ್ಟರು.
"ಮಂಗಳವಾರ ಈ ಮಗು ಇಪ್ಪತ್ತು ಸೆಕೆಂಡು ಉಸಿರೇ ಆಡ್ಲಿಲ್ಲ. ಪಾದ ತಟ್ಟಿ ಎಬ್ಬಿಸಿದ್ದು ನಾನು. ನಿಮ್ಮ ಗೆರೆ ನೋಡಿದ್ರೆ ಆರಾಮಾಗಿ ಮಲಗಿದೆ."
ಗ್ರಾಫ್ ಎತ್ತಿಕೊಂಡು ಕೋಡ್ ತೆರೆದೆ.

ಸಂಜೆ ೪.೪೦
ಸಿಕ್ಕಿತು. ನನ್ನ ಫಂಕ್ಷನ್ನಿನ ಹೆಸರು 'ಕ್ಲೀನ್'. ನಾಲ್ಕು ವರ್ಷದಿಂದ ಇದೆ, ಖಾಲಿ ಇದ್ದದ್ದನ್ನು ಖಾಲಿಯೇ ಬಿಡುತ್ತದೆ. ಮೀಟಿಂಗ್ ಮುಗಿದ ಎರಡೇ ದಿನಕ್ಕೆ ಮೀಸೆ ಅದೇ ಹೆಸರಿನಲ್ಲಿ ಇನ್ನೊಂದನ್ನು ತಂದು ತುರುಕಿದ್ದಾನೆ. ಕೋಣೆಯ ಉಷ್ಣಾಂಶದ ಲೆಕ್ಕಕ್ಕೆ. ಖಾಲಿ ಕಂಡಲ್ಲೆಲ್ಲ ಅಕ್ಕಪಕ್ಕದ ಸರಾಸರಿ ತುಂಬುತ್ತದೆ. ಉಷ್ಣಾಂಶಕ್ಕೆ ಸರಿ. ಮಗುವಿನ ಉಸಿರು ನಿಂತ ಕಡೆಯೂ ತುಂಬಿದೆ — ಇಲ್ಲದ ಉಸಿರನ್ನು. ಇಂಥ ರಿಪೋರ್ಟ್ ಹದಿನಾಲ್ಕು ಹೋಗಿವೆ.

೨೦ ಮಾರ್ಚ್
ಸಾಹೇಬರ ಕೋಣೆಯ ಹೊರಗೆ ಅರ್ಧ ದಿನ ಕಾದೆ.
"ನೋಡಮ್ಮ, ಅವನದನ್ನ ಈಗ ಮೂರು ತಂಡ ಬಳಸ್ತಿದೆ. ನಿನ್ನದರ ಹೆಸರು ಬದಲಾಯಿಸ್ಕೊ. ಮುಂದಿನ ರಿಪೋರ್ಟ್ ಸರಿ ಹೋದ್ರಾಯ್ತು."
ಹೋದ ಹದಿನಾಲ್ಕು? ಅಂದೆ. ಅವರು ಫೋನ್ ಎತ್ತಿಕೊಂಡರು. ಆ ಹೆಸರೇನು ನಿಮ್ಮಪ್ಪನ ಮನೆ ಆಸ್ತಿಯೇ ಎಂದು ಹೊರಗೆ ಸಿಕ್ಕ ಮೀಸೆ ಕೇಳಿದ. ಯಾರ ಆಸ್ತಿಯೂ ಅಲ್ಲ ಅಂತಲೇ ಅಲ್ಲವೇ ನಾನು ಬಡಿದುಕೊಂಡದ್ದು!
ಮನೆಯಲ್ಲಿ ಎಲ್ಲ ಕಾರಿಕೊಂಡೆ. ಅಮ್ಮ ಕೇಳಿದ್ದು ಒಂದೇ ಮಾತು. ಆ ತಾಯಂದಿರಿಗೆ ಗೊತ್ತಾ ಅಂತ.

೨೧ ಮಾರ್ಚ್, ಬೆಳಿಗ್ಗೆ ೮
ಡಾಕ್ಟರಿಗೆ ನೇರವಾಗಿ ಬರೆದೆ. ಹದಿನಾಲ್ಕು ರಿಪೋರ್ಟೂ ವಾಪಸ್. ಎರಡೂ ಕ್ಲೀನ್‌ಗಳಿಗೆ ತಂಡದ ಗುರುತು ಹಚ್ಚಿದೆ. ಇನ್ನು ಹೆಸರು ಮರುಕಳಿಸಿದರೆ ಲೈಬ್ರರಿ ತೆರೆಯುವುದೇ ಇಲ್ಲ. ಯಾರ ಅಪ್ಪಣೆಯನ್ನೂ ಕೇಳಲಿಲ್ಲ. ಸಾಹೇಬರು ಫೋನಿನಲ್ಲಿ ಶಿಸ್ತುಕ್ರಮ ಅಂದರು. ಆಗಲಿ.

೨೨ ಮಾರ್ಚ್
ಲೆಕ್ಕ ಮತ್ತೆ ಹಾಕಿದಾಗ ಮೂರು ಮಕ್ಕಳಲ್ಲಿ ನಡುನಡುವೆ ಉಸಿರು ನಿಂತದ್ದು ಕಂಡಿತು. ಒಂದು ಮಗು ಇನ್ನೂ ವಾರ್ಡಿನಲ್ಲೇ ಇದೆ. ಇನ್ನೊಂದನ್ನು ವಾಪಸ್ ಕರೆತಂದರು. ಮೂರನೆಯದರ ಮನೆಯಲ್ಲಿ ಫೋನ್ ಎತ್ತಲಿಲ್ಲ. ನರ್ಸ್ ಅಕ್ಕನ ಜೊತೆ ನಾನೂ ಹೋದೆ, ಉಸಿರಾಟದ ಮಾನಿಟರ್ ಹಿಡಿದು. ಮೂರನೇ ಮಹಡಿ. ಲಿಫ್ಟ್ ಇಲ್ಲ. ಬಾಗಿಲು ತೆರೆದಾಗ ಮಗು ಕಿರುಚಿ ಅಳುತ್ತಿತ್ತು. ಅಕ್ಕ ಒಳಗೆ ಹೋಗಿ ಮಾನಿಟರ್ ಹಚ್ಚಿದರು.
ಆ ತಾಯಿಗೆ ಎಲ್ಲ ಹೇಳಿದೆ. ಮೀಸೆ, ಸಾಹೇಬರು, ಹೆಸರು, ಎಲ್ಲ. ಮಗುವನ್ನು ಹೆಗಲಿಗೆ ಹಾಕಿಕೊಂಡು ಕೇಳಿಸಿಕೊಂಡಳು.
"ಗೊತ್ತಾದ ದಿನವೇ ಯಾಕೆ ಹೇಳ್ಲಿಲ್ಲ?"
ಗೊತ್ತಾದದ್ದು ಹತ್ತೊಂಬತ್ತಕ್ಕೆ. ಬರೆದದ್ದು ಇಪ್ಪತ್ತೊಂದಕ್ಕೆ. ನಡುವಿನ ಆ ಒಂದು ದಿನ ನಾನು ಸಾಹೇಬರ ಅಪ್ಪಣೆಗಾಗಿ ಬಾಗಿಲ ಹೊರಗೆ ಕಾದಿದ್ದೆ.