ಮೂರು ವರ್ಷ ಉಳದ ಹೊಲ

ಯಲಬುರ್ಗಾ, ಗುರುವಾರ

ಕೃಷಿ ಅಧಿಕಾರಿ ದೀಪಿಕಾ ಮೇಡಂ ಅವರಿಗೆ ಫಕೀರಮ್ಮನ ನಮಸ್ಕಾರ.

ಸೋಮವಾರ ರೈತರನ್ನು ನಮ್ಮ ಹೊಲಕ್ಕೆ ಕರೆತರಬೇಡಿ. ನೀವು ಹೇಳಿದಂತೆ ಮೂರು ವರ್ಷ ಉಳದೆ, ಹಿಂದಿನ ಬೆಳೆಯ ದಂಟನ್ನು ನೆಲದ ಮೇಲೇ ಬಿಟ್ಟು ಕಡಲೆ ಬಿತ್ತಿದೆ. ಮೊದಲ ವರ್ಷ ಇಳುವರಿ ಇಳಿಯಿತು; ಈ ಸಲ ಊರಿನಲ್ಲೇ ಹೆಚ್ಚು ಬಂದಿದೆ.

ನನ್ನ ಯಜಮಾನರು ಟ್ರ್ಯಾಕ್ಟರಿನಲ್ಲಿ ಊರವರ ಹೊಲ ಉಳುತ್ತಾರೆ. ಮನೆ ನಡೆಯುವುದು ಅದರಿಂದಲೇ. ಬದುವಿನಲ್ಲಿ ನೀವು ನೆಟ್ಟ 'ಉಳುಮೆಯಿಲ್ಲದ ಬೇಸಾಯ' ಎಂಬ ಫಲಕ ಓದಿ, "ಎಲ್ಲಾರೂ ನಿನ್ನಂಗ ಮಾಡಿದ್ರ ಹೊಲ ಉಳಾಕ ನನ್ನ ಯಾರು ಕರೀತಾರ?" ಎಂದರು. ಬೈದಿದ್ದರೆ ಎದುರಾಡುತ್ತಿದ್ದೆ. ಅವರು ಹೆದರಿದ್ದರು.

ಭಾನುವಾರ ಊರವರೆಲ್ಲ ನೋಡುವಂತೆ ನಮ್ಮ ಹೊಲವನ್ನೇ ಉಳುತ್ತಾರೆ. ನಾನು ಹೂಂ ಅಂದಿದ್ದೇನೆ. ಅಷ್ಟರೊಳಗೆ ಬಂದು ಒಂದಿಷ್ಟು ಮಣ್ಣು ಒಯ್ದು ಪರೀಕ್ಷೆ ಮಾಡಿಸಿ. ಅದು ಹೇಗಿತ್ತೆಂದು ಎಲ್ಲಾದರೂ ಬರೆದಿರಲಿ.

ಇಂತಿ,
ಫಕೀರಮ್ಮ