ಮಗ್ಗದವರ ಮಾತು

ಪೈನ್ ಶೋಲ್ಸ್, ಉತ್ತರ ಕ್ಯಾರೊಲಿನಾ
ಜನವರಿ 2, 2003

ನನ್ನ ಮುದ್ದು ತಮ್ಮ ಡೆಲ್ಮರ್‌ಗೆ, ನಿನ್ನಕ್ಕ ಕೂತಲ್ಲಿಂದಲೇ ತಲೆ ಸವರುತ್ತಿದ್ದಾಳೆ ಅಂದುಕೋ.

ಈಗ ನಿನ್ನನ್ನು ಹೆಸರು ಹಿಡಿದು ಕರೆಯುವವಳು ನಾನೊಬ್ಬಳೇ ಇರಬೇಕು. ಊರಿಗೆಲ್ಲ ನೀನು ಕೋಚ್. ಪಾಪ, ತೀರಿಹೋದ ನಿನ್ನ ಮಾರ್ಲೀನ್ ಕೂಡ ಊಟಕ್ಕೆ ಕರೆಯುವಾಗ "ಕೋಚ್, ಸೂಪು ಆರ್ತಿದೆ, ಬರ್ತೀರಾ ಇಲ್ವಾ" ಅನ್ನುತ್ತಿದ್ದಳು.

ತಂಡದವರು ನಿನ್ನನ್ನು ತೆಗೆದ ಸುದ್ದಿ ಓದಿದೆ. ನೀನು ತೀರ್ಪುಗಾರನಿಗೆ ಹೊಲಸು ಬೈದೆ ಅಂತ ಟಿವಿಯಲ್ಲಿ ನಿನ್ನ ತುಟಿ ಓದಿದ ತಜ್ಞರು ಹೇಳಿದರೆಂದು ಬರೆದಿದ್ದಾರೆ. ಅದರ ಕೆಳಗೇ ಇನ್ನೊಂದು ಸುದ್ದಿ: ಹಿಮದ ಸೀಮೆಯ ಯಾವುದೋ ತಂಡ ನಿನ್ನನ್ನು ಸಹಾಯಕನಾಗಿ ಕರೆದಿದೆಯಂತೆ, ಮುಂದಿನ ವಾರದೊಳಗೆ ನೀನು ಉತ್ತರ ಹೇಳಬೇಕಂತೆ. ಅದಕ್ಕೇ ಅವಸರದಲ್ಲಿ ಬರೆಯುತ್ತಿದ್ದೇನೆ.

ನಾನು ಓದು ಕಲಿತದ್ದೇ ನಿನ್ನ ಸುದ್ದಿಗಾಗಿ. ಬೈಬಲ್ಲಿನ ಪದಗಳಿಗಿಂತ ಮೊದಲು ನನಗೆ ಒಲಿದ ದೊಡ್ಡ ಪದ ಟಚ್‌ಡೌನ್. ಕಾಲೇಜಿನ ಫುಟ್‌ಬಾಲ್ ತಂಡದಲ್ಲಿ ಚೆಂಡನ್ನು ಕಂಕುಳಲ್ಲಿ ಅಮುಕಿಕೊಂಡು ಓಡುತ್ತಿದ್ದಾಗ ನೀನು ಪತ್ರಿಕೆಯ ಪಟಗಳಲ್ಲಿ ಬಾಯ್ತುಂಬ ನಗುತ್ತಿದ್ದೆ. ಆಮೇಲೆ ಸಂಬಳಕ್ಕಾಡುವ ಆಟ, ಮುರಿದ ಮಂಡಿ. ಆಮೇಲೆ ಕೋಚ್‌ಗಿರಿ. ಪ್ರತಿ ಕ್ರಿಸ್‌ಮಸ್ಸಿಗೂ ಕಾರ್ಡಿನ ಮೇಲೆ ಬೇರೆ ಊರಿನ ಮುದ್ರೆ.

ಟಿವಿಯಲ್ಲಿ ಕಂಡರೂ ನೀನು ಕಂಡಂತಾಗುತ್ತಿರಲಿಲ್ಲ. ಎದುರು ತಂಡದವರು ತುಟಿ ಓದಿಬಿಡುತ್ತಾರೆಂದು ನೀನು ಆಟದ ತಂತ್ರ ಬರೆದ ಹಾಳೆಯನ್ನು ಬಾಯಿಗೆ ಅಡ್ಡ ಹಿಡಿಯುತ್ತಿದ್ದೆ. ಬಟ್ಟೆ ಗಿರಣಿಯ ಸದ್ದು ನನ್ನ ಕಿವಿ ತಿಂದ ಮೇಲೆ ನನಗೂ ತುಟಿಗಳೇ ಗತಿ. ಭಾನುವಾರವೆಲ್ಲ ನಿನ್ನ ಟೋಪಿ, ಹುಬ್ಬು ನೋಡಿಕೊಂಡು ಕೂರುತ್ತಿದ್ದೆ.

ಕಳೆದ ಭಾನುವಾರ ಪಕ್ಕದ ಮನೆಯ ರೂಫಸ್ ಬಂದಿದ್ದ. ಟಿವಿಯಲ್ಲಿ ನಿಮ್ಮ ತಂಡದ ಸೋಲು ಖಾತ್ರಿಯಾಗಿತ್ತು. ಕ್ಯಾಮೆರಾ ಹತ್ತಿರ ಬಂತು. ನೀನು ಹಾಳೆ ಕೆಳಗಿಳಿಸಿ ನೇರ ನನ್ನ ಕಡೆ ನೋಡಿದೆ. ರೂಫಸ್ ತೊಡೆ ತಟ್ಟಿಕೊಂಡು, "ನೋಡೇ ವರ್ಡೀ, ನಿನ್ ತಮ್ಮ ಹೆಂಗ್ ಉಗೀತಾವ್ನೆ! ಮುದುಕನ ಮಂಡಿ ಹೋದ್ರೂ ಬಾಯಿ ಹೋಗಿಲ್ಲ!" ಅಂದ. ಸುಮ್ಮನಿರೋ ಅಂತ ಅವನ ಮೊಣಕೈಗೆ ಹೊಡೆದೆ.

ಅದು ಬೈಗುಳವಲ್ಲ ಅಂತ ನನಗೆ ಗೊತ್ತಾಯಿತು. ನೀನು ಮಗ್ಗದವರ ಹಾಗೆ, ಸದ್ದು ಹೊರಡಿಸದೆ, ತುಟಿಗಳನ್ನು ಎಳೆದೆಳೆದು ಮಾತಾಡಿದೆ. ಗಿರಣಿಯಲ್ಲಿ ದುಡಿಯುತ್ತಿದ್ದ ಅಮ್ಮನಿಗೂ ನನಗೂ ನೀನು ಬುತ್ತಿ ತರುತ್ತಿದ್ದ ಚಿಕ್ಕಂದಿನಲ್ಲಿ ಮಗ್ಗಗಳ ಗದ್ದಲದಲ್ಲಿ ಕಲಿತ ಮಾತು. ಹೆಂಗಸರು ಆಚೆ ಸಾಲಿನಿಂದ "ಬಂದ ನೋಡ್ರೇ ಬಡಕಲ, ಅರ್ಧ ರೊಟ್ಟಿ ದಾರೀಲೇ ನುಂಗವ್ನೆ" ಅಂತ ತುಟಿಯಲ್ಲೇ ರೇಗಿಸಿದರೆ ನೀನು ತುಟಿಯಲ್ಲೇ ತಿರುಗಿಸಿ ಕೊಡುತ್ತಿದ್ದೆ. ಗಿರಣಿ ಮುಚ್ಚಿತು, ಆ ಹೆಂಗಸರೆಲ್ಲ ಮಣ್ಣಾದರು. ಆ ತಜ್ಞರು ಯಾವ ಹೊಲಸು ಓದಿಕೊಂಡರೋ. ನಾನು ಓದಿದ್ದು ಇಷ್ಟು: "ವರ್ಡೀ, ನಂಗೆ ಮನೆಗ್ ಹೋಗ್ಬೇಕು ಕಣೇ."

ಈ ಮಾತನ್ನು ಯಾರಿಗೂ ಹೇಳಿಲ್ಲ, ರೂಫಸ್‌ಗೂ. ಹೇಳಿದರೆ ನಿನ್ನ ಮರ್ಯಾದೆ ಉಳಿಯುತ್ತದೋ ಇನ್ನಷ್ಟು ಹೋಗುತ್ತದೋ ನನಗೆ ತಿಳಿಯದು. ನೀನೇ ಹೇಳು.

ಬಾ ಅಂತ ನಾನು ಬಲವಂತ ಮಾಡುವುದಿಲ್ಲ. ಸೋತ ಗಳಿಗೆಯಲ್ಲಿ ಬಾಯಿಗೆ ಬಂದ ಮಾತಾಗಿದ್ದರೆ ಹೋಗು, ಬೆಚ್ಚಗೆ ಕೋಟು ತೊಟ್ಟುಕೋ. ನನಗಿಲ್ಲಿ ಜನಕ್ಕೇನೂ ಕಡಿಮೆಯಿಲ್ಲ. ಚರ್ಚಿನವರು ಬರುತ್ತಾರೆ, ರೂಫಸ್ ಅಂತೂ ಹೋಗು ಅಂದರೂ ಹೋಗನು. ನಿನ್ನೆ ಹೊಸವರ್ಷಕ್ಕೆ ಅಲಸಂದೆ ಕಾಳು, ಸೊಪ್ಪು ಬೇಯಿಸಿದೆ. ಒಬ್ಬಳಿಗಾಗುವಷ್ಟೇ ಹಾಕಲು ಕೈ ಬರಲಿಲ್ಲ. ಪಾತ್ರೆ ಇನ್ನೂ ತುಂಬಿದೆ.

ನಿನ್ನನ್ನು ಡೆಲ್ಮರ್ ಎಂದೇ ಕರೆಯುವ,
ಅಕ್ಕ ವರ್ಡೀ

ಮರೆತ ಮಾತು: ಒಂದು ವೇಳೆ ಬಂದರೆ ಬಾಗಿಲು ತಟ್ಟುತ್ತಾ ಚಳಿಯಲ್ಲಿ ನಿಲ್ಲಬೇಡ, ನನಗೆ ಕೇಳಿಸದು. ಭಾನುವಾರದಿಂದ ಚಿಲಕ ಹಾಕುವುದನ್ನು ಬಿಟ್ಟಿದ್ದೇನೆ. "ಕಳ್ಳರು ನುಗ್ತಾರೆ ಕಣೇ" ಅಂತ ರೂಫಸ್ ದಿನಾ ಕೂಗಾಡುತ್ತಾನೆ. ನಾನು ಟಿವಿಯ ಮುಂದಿನ ಕುರ್ಚಿಯನ್ನು ಬಾಗಿಲ ಕಡೆ ತಿರುಗಿಸಿಕೊಂಡು ಕೂತಿದ್ದೇನೆ.