ಆರ್ವಿಲ್‌ನ ಡಬ್ಬಿ

ಮಾರ್ಚ್ 11, ಮಂಗಳವಾರ

ಆರ್ಡಿಸ್ ಅಜ್ಜಿ ಔಷಧಿ ತುಂಬಿ ತಂದ ಹಳೇ ಬ್ರೆಡ್ ಚೀಲ ಕಣ್ಣ ಮುಂದಿನಿಂದ ಹೋಗುತ್ತಲೇ ಇಲ್ಲ. ಮೊನ್ನೆ ಚರ್ಚಿನ ಅಡುಗೆಮನೆಯಲ್ಲಿ ತಲೆ ಸುತ್ತಿ ಬಿದ್ದರಂತೆ. ಮನೆಯಲ್ಲಿರುವ ಔಷಧಿಯನ್ನೆಲ್ಲ ತನ್ನಿ, ಒಟ್ಟಿಗೆ ನುಂಗಬಹುದೇ ನೋಡುತ್ತೇನೆ ಎಂದಿದ್ದೆ. ಇವತ್ತು ಹಿಮದಲ್ಲೇ ಬಂದು ಚೀಲವನ್ನು ನನ್ನ ಔಷಧಿ ಅಂಗಡಿಯ ಕೌಂಟರಿನ ಮೇಲೆ ಸುರಿದರು. ಬಿಪಿ ಮಾತ್ರೆಯ ಡಬ್ಬಿಗಳೇ ಎರಡು. ಒಂದರ ಮೇಲೆ ಗಂಡ ಆರ್ವಿಲ್‌ನ ಹೆಸರು. ಆತ ತೀರಿಕೊಂಡು ಐದು ವಾರ.

"ಇದನ್ನೂ ತಗೊಳ್ತಿದೀರಾ?"

"ಹೂಂ ಕಣಮ್ಮಾ. ಅವರಿಗೂ ಬಿಪಿ, ನಂಗೂ ಬಿಪಿ. ಒಳ್ಳೆ ಮಾತ್ರೆ, ಎಸೆಯೋಕಾಗುತ್ತಾ?"

ಎರಡೂ ಸೇರಿದರೆ ಬಿಪಿ ಪಾತಾಳಕ್ಕಿಳಿಯದೆ ಇನ್ನೇನು! ಕಂಪ್ಯೂಟರನ್ನು ಬೈಯುವಂತಿಲ್ಲ, ಅದು ಒಬ್ಬೊಬ್ಬರ ಔಷಧಿಯನ್ನಷ್ಟೇ ತಾಳೆ ನೋಡುತ್ತದೆ. ಆತನ ಅಂತ್ಯಕ್ರಿಯೆಯ ಮರುವಾರ, ಯೋಚಿಸದೆ, ಆ ಡಬ್ಬಿ ತುಂಬಿ ಅಜ್ಜಿಯ ಕೈಗಿತ್ತವಳು ನಾನೇ.

ಡಾಕ್ಟರಿಗೆ ಫೋನ್ ಮಾಡಿ ತಿಳಿಸಿದೆ. ಆರ್ವಿಲ್‌ನ ಡಬ್ಬಿಯನ್ನು ಒಳಗಿಟ್ಟುಕೊಂಡೆ. ಅಜ್ಜಿ ಖಾಲಿ ಚೀಲ ಮಡಚುತ್ತ ಮೆಲ್ಲಗೆ ಅಂದರು:

"ದಿನಾ ಬೆಳಿಗ್ಗೆ ಎಂಟಕ್ಕೆ ಅವರೇ ಕರೀತಿದ್ರು, 'ಬಾರೇ, ಮಾತ್ರೆ ಹೊತ್ತಾಯ್ತು' ಅಂತ. ಒಬ್ಬಳೇ ನುಂಗಿದ್ರೆ ಗಂಟಲಲ್ಲಿ ಇಳಿಯಲ್ಲ ಕಣಮ್ಮಾ."

ನಾಳೆ ಎಂಟಕ್ಕೆ ನಾನು ಫೋನ್ ಮಾಡಿ ಕರೆಯುತ್ತೇನೆ ಎಂದುಬಿಟ್ಟೆ.

ಏಳೂಮುಕ್ಕಾಲಿಗೆ ಅಲಾರಂ ಇಟ್ಟಿದ್ದೇನೆ. ಅಂಗಡಿ ತೆರೆಯುವುದು ಒಂಬತ್ತಕ್ಕೆ. ಇರಲಿ, ನನ್ನ ವಿಟಮಿನ್ ಮಾತ್ರೆಯನ್ನೂ ಆಗಲೇ, ಅಜ್ಜಿಯ ಜೊತೆಗೇ...